ಎರಡು ಪರದೆ, ಒಂದೇ ಅಳತೆಯ ಅಕ್ಷರ

ಮುಂಗಾರಿನಾಗ ಊರಿಗೆ ಹೋಗಿದ್ದೆ. ಆಳಂದ ತಾಲ್ಲೂಕಿನ ಮಟಕಿ. ತೊಗರಿ ಬಿತ್ತನೆ ಮುಗಿದು, ಬೆಳೆ ವಿಮೆ ಅರ್ಜಿ ಹಾಕೋ ಸಮಯ. ಗೆಳೆಯನ ಆನ್‌ಲೈನ್ ಅಂಗಡಿಯಲ್ಲಿ ಉಬುಂಟು ಇರುವ ಲ್ಯಾಪ್‌ಟಾಪ್‌ಗೆ ಹಳೇ ಮಾನಿಟರ್ ಜೋಡಿಸಿದ್ದ. ಒಂದರಲ್ಲಿ ಪಹಣಿ, ಇನ್ನೊಂದರಲ್ಲಿ ಅರ್ಜಿ. "ಲೇ ಇಂಜಿನಿಯರ್, ಇಲ್ಲಿ ನೋಡು. ಈ ಕಡಿ ಅಕ್ಷರ ಇರುವೆಯಂಗ ಕಾಣ್ತಾವ, ಆ ಕಡಿ ಎಳೆದ್ರ ಕುಂಬಳಕಾಯಿ ಆಗ್ತಾವ" ಅಂದ.

ನಗುವ ವಿಷಯ ಅಲ್ಲ. ಪಹಣಿಯಲ್ಲಿ 'ಸಿದ್ದಪ್ಪ' ಇದೆಯೋ 'ಸಿದ್ಧಪ್ಪ' ಇದೆಯೋ ಅನ್ನೋದು ಒಂದು ಒತ್ತಿನ ಕೆಳಗಿನ ಸಣ್ಣ ಗೀಟಿನ ಮೇಲೆ ನಿಂತಿದೆ. ದಾಖಲೆಗಳಲ್ಲಿ ಹೆಸರು ಹೊಂದದಿದ್ದರೆ ರೈತ ಮತ್ತೆ ಅಲೆಯಬೇಕು. ಇಂಗ್ಲಿಷ್‌ಗೆ ಸಾಕಾಗುವ ಪಿಕ್ಸೆಲ್‌ಗಳು ನಮ್ಮ ಒತ್ತಕ್ಷರಕ್ಕೆ ಸಾಲೋದಿಲ್ಲ.

ತಪ್ಪು ಎಲ್ಲಿದೆ?

ಲ್ಯಾಪ್‌ಟಾಪ್ 15.6 ಇಂಚು, 1920×1080. ಮಾನಿಟರ್ 18.5 ಇಂಚು, 1366×768. ಪೈಥಾಗೊರಸ್ ಸೂತ್ರದಿಂದ ಕರ್ಣದ ಪಿಕ್ಸೆಲ್ ತೆಗೆದು ಇಂಚಿನಿಂದ ಭಾಗಿಸಿ. ಲ್ಯಾಪ್‌ಟಾಪ್‌ನಲ್ಲಿ ಇಂಚಿಗೆ ಸುಮಾರು 141 ಪಿಕ್ಸೆಲ್, ಮಾನಿಟರ್‌ನಲ್ಲಿ ಸುಮಾರು 85. ಹಾಗಾಗಿ 16 ಪಿಕ್ಸೆಲ್ ಎತ್ತರದ ಅಕ್ಷರ ಲ್ಯಾಪ್‌ಟಾಪ್‌ನಲ್ಲಿ 2.9 ಮಿ.ಮೀ., ಮಾನಿಟರ್‌ನಲ್ಲಿ 4.8 ಮಿ.ಮೀ. ಅಂದ್ರೆ ರೆಸಲ್ಯೂಷನ್ ಒಂದನ್ನೇ ನೋಡಿದ್ರೆ ಆಗಲ್ಲ, ಪಿಕ್ಸೆಲ್ ಸಾಂದ್ರತೆ ನೋಡಬೇಕು.

ಗೆಳೆಯ ಮೊದಲು ಮಾಡಿದ್ದು ನಾವೆಲ್ಲ ಮಾಡೋದೇ: ಲ್ಯಾಪ್‌ಟಾಪ್‌ನ ರೆಸಲ್ಯೂಷನ್ 1280×720ಕ್ಕೆ ಇಳಿಸಿದ್ದ. ಅಕ್ಷರ ದೊಡ್ಡದಾಯ್ತು, ಆದ್ರೆ ಮಸುಕಾಯ್ತು. ಯಾಕಂದ್ರೆ ಕಡಿಮೆ ಪಿಕ್ಸೆಲ್‌ನಲ್ಲಿ ಬರೆದ ಚಿತ್ರವನ್ನ ಪರದೆ ಹಿಗ್ಗಿಸಿ ತೋರಿಸುತ್ತೆ. ಸ್ಕೇಲಿಂಗ್ ಹಾಗಲ್ಲ. ಪಿಕ್ಸೆಲ್‌ಗಳನ್ನೆಲ್ಲ ಉಳಿಸಿಕೊಂಡು, 16ರ ಬದಲು 24 ಪಿಕ್ಸೆಲ್‌ನಲ್ಲಿ ಅದೇ ಅಕ್ಷರವನ್ನ ಬರೆಸೋದು. ಒತ್ತಿನ ಗೀಟಿಗೂ ಜಾಗ ಸಿಗುತ್ತೆ.

ಎಕ್ಸ್11 ಮತ್ತು ವೇಲ್ಯಾಂಡ್

1987ರ ಎಕ್ಸ್11ಗೆ ಎರಡು ಮಾನಿಟರ್ ಜೋಡಿಸಿದರೂ ಸಾಮಾನ್ಯವಾಗಿ ಅದು ಒಂದೇ ದೊಡ್ಡ ಹಲಗೆ. ಇಡೀ ಹಲಗೆಗೆ ಒಂದೇ ಸ್ಕೇಲ್. ಅಕ್ಷರ ಒಂದೂವರೆ ಪಟ್ಟು ಮಾಡಿದ್ರೆ ಎರಡೂ ಕಡೆ ಬೆಳೀತಾವೆ, ಮಾನಿಟರ್‌ನಲ್ಲಿ 7.2 ಮಿ.ಮೀ. ಆಗುತ್ತೆ. ಇದಕ್ಕೊಂದು ಉಪಾಯವಿದೆ: ಎಕ್ಸ್‌ರ‍್ಯಾಂಡರ್ ಕಮಾಂಡ್‌ನ ಸ್ಕೇಲ್ ಆಯ್ಕೆಯಲ್ಲಿ ಮಾನಿಟರ್‌ಗೆ 1.5×1.5 ಕೊಡೋದು. ಆಗ ಮಾನಿಟರ್‌ಗಾಗಿ 2049×1152ರ ಚಿತ್ರ ತಯಾರಾಗಿ, ಕುಗ್ಗಿ 1366×768ರಲ್ಲಿ ಕೂರುತ್ತೆ. ಅಳತೆ ಸರಿಯಾಗುತ್ತೆ, ಆದ್ರೆ ಕುಗ್ಗಿಸುವಾಗ ತೆಳ್ಳನೆ ಗೆರೆ ಕಲೆಸಿಹೋಗುತ್ತೆ. ಸ್ಲೈಡ್ ತೋರಿಸಲು ಸಾಕು, ಪಹಣಿ ಓದಲು ಸಾಲದು.

2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಪ್ರತಿ ಪರದೆಗೂ ತನ್ನದೇ ಸ್ಕೇಲ್. ಕಿಟಕಿ ಯಾವ ಪರದೆಯಲ್ಲಿದೆ ಅಂತ ಅಪ್ಲಿಕೇಷನ್‌ಗೆ ತಿಳಿಯುತ್ತೆ, ಅದಕ್ಕೆ ತಕ್ಕಂತೆ ಹೊಸದಾಗಿ ಬರೆಯುತ್ತೆ. ಮೊದಲು 1, 2 ಇಂಥ ಪೂರ್ಣಾಂಕ ಮಾತ್ರ ಇತ್ತು. 1.5 ಬೇಕಂದ್ರೆ 2ರಲ್ಲಿ ಬರೆದು ಕುಗ್ಗಿಸಬೇಕಿತ್ತು. 2022ರಲ್ಲಿ ಭಿನ್ನಾಂಕ ಸ್ಕೇಲ್‌ಗೇ ಒಂದು ಪ್ರೊಟೊಕಾಲ್ ಬಂತು. ಅದನ್ನ ಬಲ್ಲ ಅಪ್ಲಿಕೇಷನ್‌ಗಳು ನೇರವಾಗಿ 1.5ರಲ್ಲೇ ಬರೀತಾವೆ.

ಹೆಂಗ ಮಾಡೋದು?

1. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಹಾಕುವ ಮುಂಚೆ ಕೆಳಗಿನ ಗಿಯರ್ ಚಿಹ್ನೆ ಒತ್ತಿ ವೇಲ್ಯಾಂಡ್ ಸೆಷನ್ ಆರಿಸಿ. ಉಬುಂಟು 22.04ರಲ್ಲಿ ಎಕ್ಸ್‌ಆರ್ಗ್ ಅಂತ ಬರೆದಿರದ ಆಯ್ಕೆಯೇ ವೇಲ್ಯಾಂಡ್.
2. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್‌ನಲ್ಲಿ ಎರಡೂ ಪರದೆಯನ್ನ ಅದರದರ ಮೂಲ ರೆಸಲ್ಯೂಷನ್‌ಗೆ ತನ್ನಿ. ಜಾಯಿನ್ ಆಯ್ಕೆ ಇರಲಿ, ಮಿರರ್ ಬೇಡ.
3. ಫ್ರಾಕ್ಷನಲ್ ಸ್ಕೇಲಿಂಗ್ ಆನ್ ಮಾಡಿ. ಲ್ಯಾಪ್‌ಟಾಪ್‌ಗೆ 150%, ಮಾನಿಟರ್‌ಗೆ 100% ಕೊಡಿ. ಕೆಡಿಇ ಪ್ಲಾಸ್ಮಾದಲ್ಲಿ ಪ್ರತಿ ಪರದೆಗೂ ಸ್ಲೈಡರ್ ಇದೆ.
4. ಒಂದು ಕಿಟಕಿಯಲ್ಲಿ 'ಶಾಸ್ತ್ರ' ಅಂತ ಬರೆದು, ಎರಡೂ ಪರದೆಗೆ ಎಳೆದು, ಸ್ಕೇಲ್ ಪಟ್ಟಿ ಹಿಡಿದು ಅಳೆಯಿರಿ. ಹೌದು, ಇಂಜಿನಿಯರಿಂಗ್ ಡ್ರಾಯಿಂಗ್‌ನ ಅದೇ ಪಟ್ಟಿ.

141ನ್ನ 85ರಿಂದ ಭಾಗಿಸಿದರೆ 1.66 ಬರುತ್ತೆ, ಮತ್ತೆ 175 ಯಾಕೆ ಕೊಡಲಿಲ್ಲ? ಕೊಟ್ಟರೆ ಲ್ಯಾಪ್‌ಟಾಪ್‌ನಲ್ಲಿ ಕೆಲಸಕ್ಕೆ ಸಿಗೋದು ಸುಮಾರು 1097×617ರಷ್ಟೇ ಜಾಗ, ಅರ್ಜಿಯ ಬಟನ್ ಕೆಳಗೆ ಹೋಗಿಬಿಡುತ್ತೆ. 150ರಲ್ಲಿ 1280×720ರಷ್ಟು ಸಿಗುತ್ತೆ, ಅಕ್ಷರ 4.3 ಮಿ.ಮೀ. ಅಲ್ಲದೆ ಮಾನಿಟರ್ ಕಣ್ಣಿಂದ ಸ್ವಲ್ಪ ದೂರ ಇರೋದರಿಂದ ಅಲ್ಲಿನ 4.8 ನಮಗೆ ಹೆಚ್ಚುಕಮ್ಮಿ ಅಷ್ಟೇ ಕಾಣುತ್ತೆ. ಲೆಕ್ಕ ದಾರಿ ತೋರಿಸುತ್ತೆ, ಕೊನೆಗೆ ಕಣ್ಣು ಒಪ್ಪಬೇಕು.

ಸ್ಕೇಲಿಂಗ್ ಸರಿ ಮಾಡಿದ ಮೇಲೂ ಒಂದೇ ಒಂದು ಅಪ್ಲಿಕೇಷನ್ ಮಸುಕಾಗಿದ್ರೆ, ಅದು ಬಹುಶಃ ಹಳೇ ಎಕ್ಸ್11 ಅಪ್ಲಿಕೇಷನ್. ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆ ಮೂಲಕ ಓಡ್ತಿರುತ್ತೆ, ಅದರ ಚಿತ್ರವನ್ನ ಹಿಗ್ಗಿಸಿ ತೋರಿಸಲಾಗ್ತಿರುತ್ತೆ. ಆ ಕಿಟಕಿಯನ್ನ 100% ಇರುವ ಮಾನಿಟರ್‌ಗೆ ಎಳೆದುಬಿಡಿ, ಸ್ಪಷ್ಟವಾಗುತ್ತೆ.

ಹೊಸ ಮಾನಿಟರ್ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಮುಂದಿನ ಅರ್ಜಿಗೆ ಒಬ್ಬ ಅಜ್ಜ ಪಹಣಿ ತಂದಿದ್ದ. ಗೆಳೆಯ ಈ ಪರದೆ ನೋಡಿದ, ಆ ಪರದೆ ನೋಡಿದ, ಹೆಸರನ್ನ ಗಟ್ಟಿಯಾಗಿ ಓದಿದ. ಅಜ್ಜ "ಹೌದಪ್ಪ, ಅದೇ ಬರಿ" ಅಂದ.