ಎಂಜಿನಿನ ಎಣ್ಣೆ ಮತ್ತು ಅದರ ಸೋರಿಕೆ

ಬೆಳ್ತಂಗಡಿಯಿಂದ ಉಜಿರೆ, ಮುಂಡಾಜೆಗಳನ್ನು ದಾಟಿ ಹೊರಟ ಹೆದ್ದಾರಿಯು ಚಾರ್ಮಾಡಿಯ ಬಳಿ ಸಹ್ಯಾದ್ರಿಯ ಬುಡವನ್ನು ಮುಟ್ಟುತ್ತದೆ. ಅಲ್ಲಿಂದ ಕೊಟ್ಟಿಗೆಹಾರದವರೆಗೆ ಅದು ಬಳಸುತ್ತ, ತಿರುಗುತ್ತ ಬೆಟ್ಟವನ್ನೇರುತ್ತದೆ. ಈ ದಾರಿಯನ್ನು ಹತ್ತಿ ಬಂದು ನಿಂತ ಕಾರಿನ ಅಡಿಯಲ್ಲಿ ಕೆಲವೊಮ್ಮೆ ಕಪ್ಪು ಎಣ್ಣೆಯ ಹನಿಗಳು ಕಾಣಿಸುತ್ತವೆ. ಕಂಡವರಿಗೆ ಅದು ಕ್ಷುಲ್ಲಕವೆಂದು ತೋರಬಹುದು. ಆದರೆ ಆ ಹನಿಗಳಲ್ಲಿ ಎಂಜಿನಿನ ಅಳಿವು ಉಳಿವಿನ ಪ್ರಶ್ನೆಯಿದೆ; ನಾವು ಕುಡಿಯುವ ನೀರಿನ ಪ್ರಶ್ನೆಯೂ ಇದೆ.

ಅಂಗೈಗಳನ್ನು ಒಂದಕ್ಕೊಂದು ಉಜ್ಜಿದರೆ ಬಿಸಿಯೇರುತ್ತದೆ. ಎಂಜಿನಿನೊಳಗೆ ಲೋಹದ ಭಾಗಗಳು ಇದಕ್ಕಿಂತ ಎಷ್ಟೋ ಪಾಲು ವೇಗದಲ್ಲಿ ಚಲಿಸುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 50 ಬಾರಿ ಮೇಲೇರಿ ಕೆಳಗಿಳಿಯುತ್ತದೆ. ಆದ್ದರಿಂದ ಅವುಗಳ ನಡುವೆ ಎಣ್ಣೆಯು ಸದಾ ಹರಿಯುತ್ತಿರಬೇಕು. ಎಂಜಿನಿನ ತಳದ ತೊಟ್ಟಿಯಲ್ಲಿ ಈ ಎಣ್ಣೆ ನಿಂತಿರುತ್ತದೆ. ಗ್ಯಾರೇಜಿನವರು ಅದನ್ನು ಚೇಂಬರ್ ಎನ್ನುತ್ತಾರೆ. ಪಂಪು ಎಣ್ಣೆಯನ್ನು ಮೇಲಕ್ಕೆತ್ತಿ, ಫಿಲ್ಟರಿನಲ್ಲಿ ಸೋಸಿ, ಸಣ್ಣ ಕಾಲುವೆಗಳ ಮೂಲಕ ಎಲ್ಲ ಕಡೆಗೂ ಕಳುಹಿಸುತ್ತದೆ. ಎಣ್ಣೆಯು ಘರ್ಷಣೆಯನ್ನು ತಗ್ಗಿಸಿ, ಶಾಖವನ್ನು ಹೀರಿ, ಕೊಳೆಯನ್ನು ತೊಳೆದು, ಮತ್ತೆ ತಳಕ್ಕೆ ಇಳಿದು ಬರುತ್ತದೆ.

ಎಣ್ಣೆಯ ಈ ಶಕ್ತಿಯು ವಿಜ್ಞಾನಿಗಳಿಗೆ ತಿಳಿದುದು ಒಂದು ಸೋರಿಕೆಯಿಂದಲೇ ಎಂಬುದು ಸ್ವಾರಸ್ಯಕರ ಸಂಗತಿ. ಇಂಗ್ಲೆಂಡಿನ ಬೀಚಂ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಬೇರಿಂಗುಗಳನ್ನು ಕುರಿತು ಪ್ರಯೋಗಗಳನ್ನು ನಡೆಸಿ, 1883ರಲ್ಲಿ ವರದಿಯನ್ನು ಪ್ರಕಟಿಸಿದರು. ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆಯು ತಾನಾಗಿಯೇ ಉಕ್ಕಿ ಬರುತ್ತಿತ್ತು. ಅದಕ್ಕೆ ಮರದ ಬೆಣೆಯನ್ನು ಬಡಿದರೆ, ಎಣ್ಣೆಯು ಬೆಣೆಯನ್ನೇ ಹೊರತಳ್ಳಿತು! ತಿರುಗುವ ದಂಡವು ತನ್ನ ಭಾರವನ್ನೆಲ್ಲ ಎಣ್ಣೆಯ ತೆಳುಪದರದ ಮೇಲೆ ಹೊರಿಸಿ ತೇಲುತ್ತದೆಂಬುದು ಹೀಗೆ ಗೊತ್ತಾಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅವರು ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟರು. ಎಣ್ಣೆ ತೀರಿದರೆ ಈ ಪದರ ಹರಿಯುತ್ತದೆ. ಲೋಹಕ್ಕೆ ಲೋಹ ತಾಗಿ, ಸವೆದು, ಕಡೆಗೆ ಎಂಜಿನ್ ಬಿಗಿದು ನಿಲ್ಲುತ್ತದೆ.

ಎಂಜಿನ್ ಒಂದೇ ತುಂಡಿನ ಪಾತ್ರೆಯಲ್ಲ. ಹಲವು ಭಾಗಗಳನ್ನು ಬೋಲ್ಟುಗಳಿಂದ ಬಿಗಿದು ಅದನ್ನು ಮಾಡಿರುತ್ತಾರೆ. ಎರಡು ಭಾಗಗಳು ಕೂಡುವಲ್ಲಿ ಗ್ಯಾಸ್ಕೆಟ್ ಎಂಬ ತೆಳು ಹಾಳೆಯನ್ನೂ, ತಿರುಗುವ ದಂಡವು ಹೊರಬರುವಲ್ಲಿ ಆಯಿಲ್ ಸೀಲ್ ಎಂಬ ಬಳೆಯನ್ನೂ ಇಡುತ್ತಾರೆ. ಹಳೆಯ ಕಾರುಗಳಲ್ಲಿ ಬೆಂಡು, ಕಾಗದಗಳಿಂದ ಮಾಡಿದ ಗ್ಯಾಸ್ಕೆಟ್‌ಗಳಿದ್ದವು. ಈಗ ರಬ್ಬರು, ಸಿಲಿಕೋನುಗಳು ಬಂದಿವೆ. ವರ್ಷಗಟ್ಟಲೆ ಕಾಯ್ದು ತಣಿದು ರಬ್ಬರು ಗಡುಸಾಗಿ ಬಿರಿಯುತ್ತದೆ. ಅದುರಾಟದಿಂದ ಬೋಲ್ಟುಗಳು ಸಡಿಲವಾಗುತ್ತವೆ. ಮುರಕಲ್ಲಿನ ಕಚ್ಚಾ ರಸ್ತೆಯಲ್ಲಿ ಕಲ್ಲು ತಗುಲಿ ಚೇಂಬರ್ ಒಡೆಯುವುದುಂಟು. ಎಂಜಿನಿನೊಳಗಿನ ಅನಿಲವು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ, ಎಣ್ಣೆಯು ಗಟ್ಟಿಯಿದ್ದ ಸೀಲನ್ನೂ ದಾಟಿ ಬರುತ್ತದೆ. ಮಿತಿಮೀರಿ ಎಣ್ಣೆ ತುಂಬಿಸುವುದೂ ಸೋರಿಕೆಗೆ ಎಡೆಮಾಡಬಲ್ಲದು.

ಘಟ್ಟದ ಏರಿನಲ್ಲಿ ಈ ದೋಷಗಳೆಲ್ಲ ಬಯಲಾಗುತ್ತವೆ. ಕೆಳಗಿನ ಗೇರಿನಲ್ಲಿ ಎಂಜಿನ್ ವೇಗವಾಗಿ ತಿರುಗಿದರೂ ಕಾರು ನಿಧಾನವಾಗಿ ಸಾಗುವುದರಿಂದ ಎದುರುಗಾಳಿಯ ತಂಪು ಸಾಲದು. ಕಾದ ಎಣ್ಣೆಯು ತೆಳುವಾಗಿ, ಸಣ್ಣ ಬಿರುಕಿನಲ್ಲಿಯೂ ನುಸುಳುತ್ತದೆ. ಎಣ್ಣೆ ಮೊದಲೇ ಕಡಿಮೆಯಿದ್ದರೆ, ಇಳಿಜಾರಿನಲ್ಲಿ ಅದು ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಸಿಕ್ಕದೆ ಹೋಗುವ ಅಪಾಯವಿದೆ.

ಕಾರಿನಡಿ ಬಿದ್ದುದೆಲ್ಲವೂ ಎಂಜಿನ್ ಎಣ್ಣೆಯಲ್ಲ. ಹವಾನಿಯಂತ್ರಕದಿಂದ ಬೀಳುವುದು ಬರಿಯ ನೀರು. ರೇಡಿಯೇಟರಿನ ದ್ರವವು ಸಾಮಾನ್ಯವಾಗಿ ಹಸಿರು ಅಥವಾ ಕೆಂಪು ಬಣ್ಣದ್ದು. ಎಂಜಿನ್ ಎಣ್ಣೆಯು ಹೊಸದಾದರೆ ಜೇನಿನ ಬಣ್ಣ, ಹಳೆಯದಾದರೆ ಕಪ್ಪು, ಬೆರಳಿಗೆ ಜಾರುತ್ತದೆ. ರಾತ್ರಿ ಕಾರಿನಡಿ ರಟ್ಟನ್ನು ಹಾಸಿಟ್ಟರೆ, ಬೆಳಗ್ಗೆ ಹನಿಯ ಬಣ್ಣ, ಪ್ರಮಾಣಗಳು ತಿಳಿಯುತ್ತವೆ. ಆದರೆ ಹನಿ ಬಿದ್ದ ಸ್ಥಳವೇ ಸೋರಿಕೆಯ ಮೂಲವೆಂದು ಭಾವಿಸಬಾರದು. ಎಣ್ಣೆಯು ಕೆಳಕ್ಕಿಳಿಯುತ್ತದೆ, ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ನುರಿತ ಮೆಕ್ಯಾನಿಕ್ಕನು ಮೊದಲು ಎಂಜಿನನ್ನು ಒರೆಸಿ, ಸ್ವಲ್ಪ ಹೊತ್ತು ಓಡಿಸಿ, ಮೇಲಿನಿಂದ ಕೆಳಕ್ಕೆ ಹುಡುಕುತ್ತಾನೆ.

ಹನಿಯನ್ನು ಲೆಕ್ಕಹಾಕಿ ನೋಡಬಹುದು. ಮೂರು ಸೆಕೆಂಡಿಗೆ ಒಂದರಂತೆ ತೊಟ್ಟಿಕ್ಕಿದರೆ ಗಂಟೆಗೆ 1200 ಹನಿ. ಒಂದು ಮಿಲಿಲೀಟರಿಗೆ 25 ಹನಿಗಳೆಂದು ಹಿಡಿದರೆ 48 ಮಿಲಿಲೀಟರ್; ಇಪ್ಪತ್ತು ಗಂಟೆಯ ಓಟಕ್ಕೆ ಸುಮಾರು ಒಂದು ಲೀಟರ್. ಸಣ್ಣ ಕಾರಿನ ಎಂಜಿನ್ ಹಿಡಿಯುವುದೇ ಸುಮಾರು 3 ಲೀಟರ್. ಆದ್ದರಿಂದ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷಗಳ ನಂತರ ಅಳತೆಯ ಕಡ್ಡಿಯನ್ನು ತೆಗೆದು, ಒರೆಸಿ, ಮತ್ತೆ ಇಳಿಸಿ ನೋಡಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಓಡುವಾಗ ಎಣ್ಣೆಯ ಒತ್ತಡದ ಕೆಂಪು ದೀಪ ಬೆಳಗಿದರೆ, ಸುರಕ್ಷಿತ ಸ್ಥಳದಲ್ಲಿ ಕೂಡಲೆ ಎಂಜಿನ್ ನಿಲ್ಲಿಸುವುದೇ ವಿವೇಕ. ಕಾದ ಹೊಗೆಕೊಳವೆಯ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಲೂಬಹುದು.

ಜಿನುಗು ಅಲ್ಪವಾಗಿದ್ದರೆ ಅಳತೆ ನೋಡುತ್ತ ಕಾಯಬಹುದು. ಹನಿ ಬಿಡದೆ ಬಿದ್ದರೆ ಸವೆದ ಗ್ಯಾಸ್ಕೆಟನ್ನೋ ಸೀಲನ್ನೋ ಬದಲಿಸಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ಮುಚ್ಚಳ ಬಾಗಿ ಸೋರಿಕೆ ಹೆಚ್ಚುತ್ತದೆ. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನಡಿ ಯಾರೂ ನುಸುಳಬಾರದು.

ಇನ್ನು, ನೆಲಕ್ಕೆ ಬಿದ್ದ ಹನಿ ಅಲ್ಲಿಯೇ ಉಳಿಯುವುದಿಲ್ಲ. ಮೊದಲ ಮಳೆಗೆ ಅದು ರಸ್ತೆಯನ್ನು ಜಾರುವಂತೆ ಮಾಡಿ, ದ್ವಿಚಕ್ರ ಸವಾರರನ್ನು ಬೀಳಿಸುತ್ತದೆ. ಮುಂದೆ ಚರಂಡಿಯಿಂದ ತೋಡಿಗೆ, ತೋಡಿನಿಂದ ಮೃತ್ಯುಂಜಯ ಹೊಳೆಗೆ, ಅಲ್ಲಿಂದ ನೇತ್ರಾವತಿಗೆ ಸೇರುತ್ತದೆ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಲ್ಲಿ ನಿಂತ ಇದೇ ನೀರನ್ನು ಮಂಗಳೂರು ನಗರ ಕುಡಿಯುತ್ತದೆ. ಆದುದರಿಂದ ಚೆಲ್ಲಿದ ಎಣ್ಣೆಯನ್ನು ನೀರು ಸುರಿದು ತೊಳೆಯದೆ, ಮರದ ಹುಡಿಯನ್ನು ಉದುರಿಸಿ, ಹೀರಿಸಿ ತೆಗೆಯಬೇಕು. ಬಳಸಿದ ಎಣ್ಣೆಯನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲಿ ಇರಿಸಿವೆ. ಅದನ್ನು ಡಬ್ಬಿಯಲ್ಲಿ ಸಂಗ್ರಹಿಸಿ, ಪರವಾನಗಿಯುಳ್ಳವರಿಗೆ ಒಪ್ಪಿಸಿದರೆ ಶುದ್ಧಗೊಳಿಸಿ ಮತ್ತೆ ಬಳಸಬಹುದು.

ಯಂತ್ರವು ಮಾತನಾಡಲಾರದು. ತನ್ನ ಬೇನೆಯನ್ನು ಅದು ಹನಿಯಿಂದಲೋ ಹೊಗೆಯಿಂದಲೋ ಸದ್ದಿನಿಂದಲೋ ಸೂಚಿಸುತ್ತದೆ. ಆ ಸೂಚನೆಯನ್ನು ಸಕಾಲದಲ್ಲಿ ಅರಿತವನು ತನ್ನ ವಾಹನವನ್ನು ಉಳಿಸಿಕೊಳ್ಳುತ್ತಾನೆ. ಹೊಳೆಯ ಕೆಳಗಿನ ಊರುಗಳಿಗೂ ಉಪಕಾರ ಮಾಡುತ್ತಾನೆ.