ಅಂಕಿ ಹೇಳಿದವರಲ್ಲಿ ವರ್ಷವನ್ನೂ ಕೇಳಿ

ಕನ್ನಡಿಗರ ಹಕ್ಕಿನ ಮಾತು ಬಂದಲ್ಲೆಲ್ಲ ಅಂಕಿಗಳೂ ಬರುತ್ತವೆ. ನಮ್ಮ ಕಾಸರಗೋಡಿನಲ್ಲಿರಲಿ, ಆಂಧ್ರದ ಕರ್ನೂಲು ಜಿಲ್ಲೆಯ ಪಡುವಣ ಅಂಚಿನ ಹಾಲಹರವಿಯಲ್ಲಿರಲಿ, "ಇಲ್ಲಿ ನೂರಕ್ಕೆ ಇಷ್ಟು ಮಂದಿ ನಾವು" ಎಂಬುದೇ ವಾದದ ತಳಹದಿ. ಆದರೆ ಆ ಅಂಕಿ ಯಾವ ವರ್ಷದ್ದು, ಯಾವ ಮೇರೆಯೊಳಗಿನದು ಎಂದು ಕೇಳಿಕೊಳ್ಳುವವರು ವಿರಳ. ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕೋವಿ ನಿಯಂತ್ರಣದ ಚರ್ಚೆ ಒಂದು ಪಾಠ.

ಕೊಳ್ಳುವವನ ಪೂರ್ವಾಪರ ವಿಚಾರಿಸದೆಯೇ ನೂರರಲ್ಲಿ ನಲವತ್ತು ಕೋವಿಗಳು ಅಲ್ಲಿ ಕೈಬದಲಾಗುತ್ತವೆ ಎಂಬ ಮಾತು ವರ್ಷಗಟ್ಟಲೆ ಕೇಳಿಬಂತು. 2013ರಲ್ಲಿ ಅಧ್ಯಕ್ಷ ಒಬಾಮ ಕೂಡ ಅದನ್ನು ಎತ್ತಿ ಹೇಳಿದರು. ಅದರ ಮೂಲ 1994ರ ಒಂದು ದೂರವಾಣಿ ಸಮೀಕ್ಷೆ. ಆ ಪ್ರಶ್ನೆಗೆ ಉತ್ತರ ಕೊಟ್ಟವರು 251 ಮಂದಿ ಮಾತ್ರ. ವಿಚಾರಣೆಯನ್ನು ಕಡ್ಡಾಯ ಮಾಡಿದ ಬ್ರೇಡಿ ಕಾಯಿದೆ ಜಾರಿಗೆ ಬಂದದ್ದೂ ಅದೇ 1994ರಲ್ಲಿ. 2015ರಲ್ಲಿ ಹೊಸದಾಗಿ ಸಮೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದಾಗ ಸಿಕ್ಕಿದ ಪ್ರಮಾಣ ಶೇಕಡಾ 22. ಎದುರು ಪಕ್ಷದವರೇನೂ ಕಡಿಮೆಯಲ್ಲ. ಆತ್ಮರಕ್ಷಣೆಗಾಗಿ ವರ್ಷಕ್ಕೆ 25 ಲಕ್ಷ ಸಲ ಕೋವಿ ಬಳಕೆಯಾಗುತ್ತದೆಂಬ ಅವರ ಅಂಕಿ 1993ರ ಸಮೀಕ್ಷೆಯದು. ಐದರಲ್ಲಿ ಒಂದು ಕೋವಿ ವಿಚಾರಣೆಯಿಲ್ಲದೆ ಹೋಗುವುದೂ ಸಣ್ಣ ಸಂಗತಿಯಲ್ಲ. ಆದರೆ ಹಳೆಯ ಅಂಕಿಯನ್ನು ಹಿಡಿದು ಹೊರಟದ್ದರಿಂದ ಚರ್ಚೆ ಕೋವಿಯನ್ನು ಬಿಟ್ಟು ಅಂಕಿಯ ಮೇಲೆ ತಿರುಗಿತು.

ಈಗ ಹಾಲಹರವಿಯನ್ನು ನೋಡೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆಗ ಕೈಯಲ್ಲಿದ್ದದ್ದು 1951ರ ಜನಗಣತಿ. 1985ರಲ್ಲಿ ತಾಲೂಕುಗಳು ಒಡೆದು ಮಂಡಲಗಳಾದವು. ಆದವಾನಿ-ಆಲೂರು ಸೀಮೆಯ ಹಾಲಹರವಿಯೂ ಒಂದು ಮಂಡಲವಾಯಿತು. ತಾಲೂಕಿನ ಹಳೆಯ ಶೇಕಡಾವಾರನ್ನು ಹಾಲಹರವಿ ಮಂಡಲಕ್ಕೆ ಹಚ್ಚಿದರೆ ಅಳೆದ ನೆಲವೇ ಬೇರೆ, ಕೇಳುವ ನೆಲವೇ ಬೇರೆ ಎಂದಾಗುತ್ತದೆ.

ನಮ್ಮಲ್ಲೂ ಇದೇ ಕಥೆ. 1951ರ ಕಾಸರಗೋಡು ತಾಲೂಕಿನಲ್ಲಿ ಹೊಸದುರ್ಗವೂ ಅಡಗಿತ್ತು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ಇದ್ದ ಕೊನೆಯ ಗಣತಿ 1961ರದು. ಮಂಜೇಶ್ವರ ಪ್ರತ್ಯೇಕ ತಾಲೂಕಾದದ್ದು ಬಹಳ ಈಚೆಗೆ. ಆ ಕಾಲದ ಅಂಕಿಗಳು ಚರಿತ್ರೆಗೆ ಸಾಕ್ಷಿ ನುಡಿದಾವು. ಇಂದಿನ ಮನವಿಗೆ ಆಧಾರವಾಗಲಾರವು.

ಹಾಗೆಂದು ಸರಕಾರದ ಕೈಯಲ್ಲಿರುವ ಅಂಕಿ ಹೊಸತೆಂದು ತಿಳಿಯಬೇಕಾಗಿಲ್ಲ. 2011ರ ಗಣತಿಯ ಭಾಷಾವಾರು ಪಟ್ಟಿ ಹೊರಬರಲು 2018 ಆಯಿತು. 2021ರ ಗಣತಿ ಕೋವಿಡ್ ಕಾಲದಲ್ಲಿ ನಡೆಯಲೇ ಇಲ್ಲ. 2025ರ ಅಧಿಸೂಚನೆಯಂತೆ ಮುಂದಿನ ಗಣತಿಯ ಗಣನಾ ದಿನ 2027ರ ಮಾರ್ಚ್ 1. ಅಂದರೆ 2011ರ ಗಣತಿ ಮುಗಿದ ಮೇಲೆ ಹುಟ್ಟಿದ ಮಗು ಶಾಲೆಯ ಹೆಚ್ಚಿನ ತರಗತಿಗಳನ್ನು ದಾಟಿದರೂ ಆ ಪಟ್ಟಿಯಲ್ಲಿ ಅದರ ಭಾಷೆ ಸೇರಿಲ್ಲ. "ನಿಮ್ಮ ಸಂಖ್ಯೆ ಇಳಿದಿದೆ" ಎಂದು ಅಧಿಕಾರಿ ಹೇಳಿದರೆ, "ಯಾವ ವರ್ಷದ ಲೆಕ್ಕ, ಸ್ವಾಮಿ?" ಎಂದು ವಿನಯದಿಂದ ಕೇಳುವ ಹಕ್ಕು ನಮಗುಂಟು.

ಕೇಳಬೇಕಾದದ್ದು ಸುಮ್ಮನೆಯಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳು ಸಂಖ್ಯೆಗೇ ಕಟ್ಟುಬಿದ್ದಿವೆ. ಸರಕಾರಿ ಪ್ರಕಟಣೆಗಳು ನಮ್ಮ ಭಾಷೆಯಲ್ಲಿ ಬರಬೇಕೇ ಎಂಬುದನ್ನು ಶೇಕಡಾವಾರು ತೀರ್ಮಾನಿಸುತ್ತದೆ. ಶಾಲೆಯ ಮಾತು ಮಾತ್ರ ಬೇರೆ. 1949ರ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿದ ಸೂತ್ರದಂತೆ, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಪ್ರಾಥಮಿಕ ಹಂತದಲ್ಲಿ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕು. ಇದಕ್ಕೆ ಗಣತಿಯ ತನಕ ಕಾಯಬೇಕಾಗಿಲ್ಲ. ಮಕ್ಕಳ ಹಾಜರಿ ಪುಸ್ತಕ ಪ್ರತಿ ವರ್ಷವೂ ಹೊಸದು.

ಆದ್ದರಿಂದ ನಮ್ಮ ಮನೆಗಳು ಮಾಡಬೇಕಾದದ್ದು ಎರಡೇ. ಮಕ್ಕಳ ಹೆಸರನ್ನು ಕನ್ನಡ ತರಗತಿಗೆ ಸೇರಿಸಿ, ಆ ವರ್ಷದ ಲೆಕ್ಕವನ್ನು ಊರಿನವರೇ ಬರೆದಿಟ್ಟುಕೊಳ್ಳುವುದು. ಗಣತಿದಾರರು ಬಂದಾಗ ಮಾತೃಭಾಷೆ ಯಾವುದೆಂಬ ಪ್ರಶ್ನೆಗೆ ಅವಸರವಿಲ್ಲದೆ, ಸತ್ಯವಾಗಿ ಉತ್ತರ ಹೇಳಿ, ಬರೆದದ್ದನ್ನು ಕಣ್ಣಾರೆ ನೋಡುವುದು. ತುಳುವರು ತುಳು ಎಂದೇ ಹೇಳಲಿ, ಕೊಂಕಣಿಯವರು ಕೊಂಕಣಿ ಎಂದೇ ಹೇಳಲಿ. ತಿಳಿದಿರುವ ಇತರ ಭಾಷೆಗಳ ಪ್ರಶ್ನೆ ಬಂದಾಗ ಕನ್ನಡವನ್ನು ಮರೆಯದಿದ್ದರೆ ಸಾಕು. ಸಂಖ್ಯೆ ಕಡಿಮೆಯಾದರೂ ಇಂದಿನದಾಗಿದ್ದರೆ ಅದನ್ನು ತಳ್ಳಿಹಾಕುವುದು ಕಚೇರಿಗೆ ಕಷ್ಟ.