ಉಷ್ಣದೇಶದಲ್ಲಿ ಹಿಮಬಂಧ: ಲಘುವಿಮಾನಯಂತ್ರದ ಶ್ವಾಸಮಾರ್ಗವಿಚಾರ

ಹಿಮವೆಂದೊಡನೆ ಹಿಮಾಲಯವು ನೆನಪಿಗೆ ಬರುವುದು ಸಹಜವಷ್ಟೆ. ಶಿಗ್ಲಿಯಂತಹ ಬಯಲುನಾಡಿನ ಊರಿನಲ್ಲಿ ಮಂಜುಗಡ್ಡೆಯು ಪ್ರಕೃತಿಸಿದ್ಧವಾದ ವಸ್ತುವಲ್ಲ. ಹಾಗಿದ್ದರೂ ಇಂತಹ ನಾಡಿನ ಆಕಾಶದಲ್ಲಿಯೂ ಸಣ್ಣ ವಿಮಾನದ ಯಂತ್ರದೊಳಗೆ ಹಿಮವು ಕಟ್ಟಿ ಅದರ ಉಸಿರನ್ನು ತಡೆಯಬಲ್ಲದು.

ಇದಕ್ಕೆ ದೃಷ್ಟಾಂತವು ಮನೆಯಲ್ಲಿಯೇ ಇದೆ. ಬೇಸಗೆಯಲ್ಲಿ ಮಣ್ಣಿನ ಹರವಿಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಹೀರಿಕೊಳ್ಳುವುದು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸುವ ಕಾರ್ಬುರೇಟರಿನಲ್ಲಿಯೂ ಪೆಟ್ರೋಲು ಹೀಗೆಯೇ ಆವಿಯಾಗುವುದು; ಅಲ್ಲದೆ ಇಕ್ಕಟ್ಟಾದ ಕಂಠದಲ್ಲಿ ಗಾಳಿಯ ಒತ್ತಡವು ತಗ್ಗಿ ಮತ್ತಷ್ಟು ತಂಪುಂಟಾಗುವುದು. ಇವೆರಡೂ ಕೂಡಿ ಉಷ್ಣಮಾನವು 20 ಡಿಗ್ರಿ ಸೆಂಟಿಗ್ರೇಡಿಗಿಂತಲೂ ಹೆಚ್ಚಾಗಿ ಇಳಿಯಬಹುದು. ಆದುದರಿಂದ ಹೊರಗೆ 20 ಅಥವಾ 25 ಡಿಗ್ರಿಯಿದ್ದರೂ, ಗಾಳಿಯು ತೇವವುಳ್ಳದ್ದಾದರೆ, ಒಳಗೆ ಹಿಮವು ಕಟ್ಟುವುದು. ವಿಮಾನವು ಕೆಳಗಿಳಿಯುವಾಗ ಗಾಳಿಯ ಕವಾಟವು ಬಹುಮಟ್ಟಿಗೆ ಮುಚ್ಚಿರುವುದರಿಂದ ಆಗಲೇ ಅಪಾಯವು ಅಧಿಕ.

ಬೆಂಗಳೂರಿನ ಹಿಂದೂಸ್ಥಾನ ವಿಮಾನ ಕಾರ್ಖಾನೆಯಲ್ಲಿ ನಿರ್ಮಿತವಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ'ವು ಇಂತಹ ಲಘುವಿಮಾನಗಳಲ್ಲೊಂದು. ಅದಕ್ಕಿದ್ದುದು 90 ಅಶ್ವಶಕ್ತಿಯ, ಕಾರ್ಬುರೇಟರುಳ್ಳ ಕಾಂಟಿನೆಂಟಲ್ ಯಂತ್ರ. ಈ ಜಾತಿಯ ಯಂತ್ರಗಳಲ್ಲಿ ಹೊಗೆಕೊಳವೆಯ ಸುತ್ತಲಿನ ಕವಚದಲ್ಲಿ ಕಾದ ಗಾಳಿಯನ್ನು, ಒಂದು ಹಿಡಿಯನ್ನೆಳೆದು, ಕಾರ್ಬುರೇಟರಿಗೆ ತಿರುಗಿಸುವ ಏರ್ಪಾಡಿರುವುದು. ಇಳಿಯಲು ಕವಾಟವನ್ನು ಮುಚ್ಚುವುದಕ್ಕೆ ಮೊದಲೇ ಹಿಡಿಯನ್ನು ಪೂರ್ಣವಾಗಿ ಎಳೆಯತಕ್ಕದ್ದು. ಯಂತ್ರವು ನಿಂತರೆ ಹೊಗೆಕೊಳವೆಯು ಆರಿ, ಔಷಧವೇ ಇಲ್ಲದಂತಾಗುವುದು.

ಇಲ್ಲಿ ತರ್ಕಶಾಸ್ತ್ರವನ್ನು ಬಲ್ಲವರು ಗಮನಿಸತಕ್ಕ ಅಂಶವೊಂದುಂಟು. ಹಿಮಬಂಧದ ಮೊದಲ ಲಿಂಗವೆಂದರೆ ಪ್ರೊಪೆಲ್ಲರಿನ ಸುತ್ತುಗಳು ಕಡಿಮೆಯಾಗುವುದು. ಬಿಸಿಗಾಳಿಯು ವಿರಳವಾದುದರಿಂದ, ಅದನ್ನು ಬಿಟ್ಟೊಡನೆಯೂ ಸುತ್ತುಗಳು ಮತ್ತಷ್ಟು ಇಳಿಯುವುವು. ಕರಗಿದ ನೀರು ಒಳಹೊಕ್ಕು ಯಂತ್ರವು ಕೆಮ್ಮುವುದು. ಆಗ 'ಔಷಧದಿಂದಲೇ ರೋಗವು ಹೆಚ್ಚಿತು' ಎಂದು ಹೊಸ ಚಾಲಕನು ಹಿಡಿಯನ್ನು ಹಿಂದಕ್ಕೆ ನೂಕಿದರೆ, ಉಳಿದ ಹಿಮವು ಯಂತ್ರವನ್ನು ನಿಲ್ಲಿಸೀತು. ವೇಗಹ್ರಾಸವು ರೋಗದಲ್ಲಿಯೂ ಚಿಕಿತ್ಸೆಯಲ್ಲಿಯೂ ಕಾಣುವುದರಿಂದ ಅದು ಸವ್ಯಭಿಚಾರಹೇತು. ಅದರಿಂದ ಏನನ್ನೂ ನಿರ್ಣಯಿಸಲಾಗದು. ಕೆಮ್ಮನ್ನು ಸಹಿಸಿ ಕಾದರೆ ಸುತ್ತುಗಳು ತಾವಾಗಿಯೇ ಏರುವುವು. ಬಿಸಿಗಾಳಿಯನ್ನು ನಿಲ್ಲಿಸಿದ ಬಳಿಕ, ಕವಾಟವು ಹಾಗೆಯೇ ಇದ್ದು, ಅವು ಮೊದಲಿಗಿಂತ ಹೆಚ್ಚಾಗಿದ್ದರೆ ಹಿಮವಿದ್ದುದು ಸಿದ್ಧವಾಯಿತು.

ಹೇತ್ವಾಭಾಸವು ವಾದಸಭೆಯಲ್ಲಿ ಪರಾಜಯವನ್ನು ಮಾತ್ರ ತರುವುದು. ಆಕಾಶದಲ್ಲಿ ಪ್ರಾಣವನ್ನೇ ಕೇಳುವುದು.